ಜಗಲಿಯಿಂದ ತಾರಸಿಗೆ: ನಮ್ಮ ಶಾಲೆಗಳ ಸೂರಿನ ಕಥೆ



ಕೋಯಂಬೇಡು ಎಂದ ತಕ್ಷಣ ನಮಗೆಲ್ಲ ನೆನಪಾಗುವುದು ಎರಡೇ. ಒಂದು, 1996ರಲ್ಲಿ ಶುರುವಾದ ಸಗಟು ಮಾರುಕಟ್ಟೆ. ಇನ್ನೊಂದು, 2002ರಲ್ಲಿ ತೆರೆದ ಬಸ್ ನಿಲ್ದಾಣ. ಕೋಲಾರದ ಟೊಮೆಟೊ ಇಳಿಸುವ ಲಾರಿಗಳ ಹತ್ತಿರ ಬೆಳಗಿನ ಜಾವ ನಿಂತರೆ ಅಪ್ಪಟ ಕನ್ನಡವೇ ಕಿವಿಗೆ ಬೀಳುತ್ತದೆ. ಆದರೆ ಇನ್ನೂ ಸ್ವಲ್ಪ ಹೊತ್ತು ಕಾದು, ಶಾಲೆಯ ಗಂಟೆ ಹೊಡೆಯುವ ಮುಂಚೆ ಅದೇ ರಸ್ತೆಯನ್ನು ನೋಡಿ. ಮೂಟೆ ಹೊರುವವರ, ಹೂ ಕಟ್ಟುವವರ, ತಳ್ಳುಗಾಡಿಯವರ ಮಕ್ಕಳು ಚೀಲ ಬೆನ್ನಿಗೇರಿಸಿ ಹೊರಟಿರುತ್ತಾರೆ. ಅವರು ದಿನವಿಡೀ ಕೂರುವ ಕಟ್ಟಡದ ಬಗ್ಗೆ ನಾವು ಎಂದಾದರೂ ಯೋಚಿಸಿದ್ದೇವೆಯೇ? ಈ ಸಲ ಆ ಸೂರಿನ ಕಥೆ.

ಮದರಾಸಿನ ಶಾಲೆಗಳ ಕಥೆ ಕನ್ನಡಿಗರಿಗೇಕೆ ಎನ್ನಬೇಡಿ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಇದೇ ಮದರಾಸಿನ ಆಡಳಿತದಲ್ಲಿದ್ದವು. ಐಲೆಂಡ್ ಗ್ರೌಂಡ್ಸ್ ಬಳಿ ಕುದುರೆ ಏರಿ ಕುಳಿತಿದ್ದಾರಲ್ಲ ಸರ್ ಥಾಮಸ್ ಮನ್ರೋ, ಆ ಗವರ್ನರ್ ಸಾಹೇಬರು 1822ರಲ್ಲಿ ಪ್ರಾಂತ್ಯದ ಶಾಲೆಗಳನ್ನೆಲ್ಲ ಎಣಿಸಲು ಹೇಳಿದರು. ಲೆಕ್ಕ ಸಿಕ್ಕಿದ್ದು 12,498 ಶಾಲೆಗಳು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿಯಲ್ಲಿ ತಮ್ಮ ಜಿಲ್ಲೆಯ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು!

ಶಾಲೆ ಎಂದರೆ ಆಗ ಕಟ್ಟಡವಲ್ಲ. ಯಾರದೋ ಮನೆಯ ಜಗಲಿ, ಗುಡಿಯ ಪಡಸಾಲೆ, ಇಲ್ಲವೇ ಮರದ ನೆರಳು. ನಮ್ಮ ಕಡೆ ಅದು ಕೂಲಿಮಠ, ಇಲ್ಲಿ ತಿಣ್ಣೈ ಪಳ್ಳಿಕ್ಕೂಡಂ. ಹಲಗೆ, ಪುಸ್ತಕ ಇಲ್ಲದಿದ್ದರೂ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತರು. ಈ ಮರಳಿನ ಪಾಠವನ್ನು ಕಂಡೇ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ತಮ್ಮ ಮಕ್ಕಳಿಗೂ ಹಾಗೇ ಕಲಿಸಿದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಆ ಕ್ರಮ ಇಂಗ್ಲೆಂಡಿಗೂ ಹೋಗಿ 'ಮದರಾಸ್ ಪದ್ಧತಿ' ಎಂದು ಹೆಸರಾಯಿತು.

ಆಮೇಲೆ ಶಾಲೆಗಳಿಗೆ ಗೋಡೆ ಬಂತು. ಜಿಲ್ಲಾ ಬೋರ್ಡ್, ತಾಲ್ಲೂಕು ಬೋರ್ಡ್‌ಗಳು ಶಾಲೆ ನಡೆಸತೊಡಗಿದವು. ಮಂಗಳೂರು, ಉಡುಪಿ ಕಡೆಯ ಹಿರಿಯರು 'ಬೋರ್ಡ್ ಹೈಸ್ಕೂಲ್' ಎನ್ನುವುದನ್ನು ನೀವು ಕೇಳಿರಬಹುದು. ಆ ಮಾತಿನ ಬೇರು ಇಲ್ಲೇ ಇದೆ. ಆದರೆ ಮಕ್ಕಳು ಹೆಚ್ಚಿದ ವೇಗದಲ್ಲಿ ಕಟ್ಟಡ ಏಳಲಿಲ್ಲ. ಹೆಚ್ಚಿದ ಮಕ್ಕಳನ್ನು ಕೂರಿಸಲು ಕಂಡ ಸುಲಭದ ದಾರಿ ಎಂದರೆ ತೆಂಗಿನ ಗರಿಯ ಚಪ್ಪರ!

ಈ ಕೊರತೆಗೆ ಕಾಮರಾಜರ ಕಾಲದಲ್ಲಿ ಒಂದು ಸೊಗಸಾದ ಉತ್ತರ ಸಿಕ್ಕಿತು. 1958ರಲ್ಲಿ ತಿರುವಳ್ಳೂರು ಬಳಿಯ ಕಡಂಬತ್ತೂರಿನಲ್ಲಿ ಶಾಲಾ ಅಭಿವೃದ್ಧಿ ಸಮ್ಮೇಳನ ನಡೆಯಿತು. ಇದರ ಹಿಂದಿದ್ದವರು ವಿದ್ಯಾ ಇಲಾಖೆಯ ನಿರ್ದೇಶಕ ನೆ. ದು. ಸುಂದರವಡಿವೇಲು. ನಿಮ್ಮೂರ ಶಾಲೆಗೆ ಏನು ಬೇಕೋ ಪಟ್ಟಿ ಮಾಡಿ, ಆಗುವಷ್ಟನ್ನು ನೀವೇ ಕೊಡಿ ಎಂಬುದು ಅದರ ತಿರುಳು. ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಬೆಂಚು, ಮತ್ತೊಬ್ಬರು ಗಡಿಯಾರ. ಸಮ್ಮೇಳನಗಳು ಊರಿಂದೂರಿಗೆ ಹಬ್ಬಿದವು. ಶಾಲೆ ಸರ್ಕಾರದ್ದಾದರೂ ಸೂರು ನಮ್ಮದು ಎಂಬ ಭಾವನೆ ಹುಟ್ಟಿತು.

ಆದರೆ ಚಪ್ಪರ ಪೂರ್ತಿ ಹೋಗಲಿಲ್ಲ. ಅದು ಹೋಗಲು ಎಂಥ ಬೆಲೆ ತೆರಬೇಕಾಯಿತು ಗೊತ್ತೇ? 2004ರ ಜುಲೈ 16. ಕುಂಭಕೋಣದ ಒಂದು ಖಾಸಗಿ ಶಾಲೆ. ಬಿಸಿಯೂಟದ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತು. ಓಡಿ ಇಳಿಯಲು ಅಗಲವಾದ ಮೆಟ್ಟಿಲಿಲ್ಲ. 94 ಮಕ್ಕಳು ಸತ್ತರು. ಈ ಸಂಖ್ಯೆಯನ್ನು ಮೈಕಿನ ಮುಂದೆ ಓದುವಾಗ ಇವತ್ತಿಗೂ ನನ್ನ ದನಿ ನಿಲ್ಲುತ್ತದೆ. ಆ ಮೇಲೆ ತಮಿಳುನಾಡಿನ ಶಾಲೆಗಳಿಂದ ಗರಿಯ ಚಾವಣಿ ತೆಗೆಸಲಾಯಿತು. ಆ ದುರಂತದ ಬೆನ್ನಿಗೇ ಬಂದ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಋತುವಿಗೂ ಒದಗುವ ಕಟ್ಟಡ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಕಾಂಪೌಂಡು, ಆಟದ ಬಯಲು ಇರಲೇಬೇಕು ಎಂದು ಬರೆದಿಟ್ಟಿತು.

ಅಷ್ಟಾದರೂ 2021ರ ಡಿಸೆಂಬರ್‌ನಲ್ಲಿ ತಿರುನೆಲ್ವೇಲಿಯ ಶಾಲೆಯೊಂದರಲ್ಲಿ ಶೌಚಾಲಯದ ಗೋಡೆ ಕುಸಿದು ಮೂವರು ವಿದ್ಯಾರ್ಥಿಗಳು ಸತ್ತರು. ಆಮೇಲೆ ರಾಜ್ಯದ ಶಿಥಿಲ ಕಟ್ಟಡಗಳನ್ನು ಹುಡುಕಿ ಕೆಡವುವ ಕೆಲಸ ನಡೆಯಿತು. 2022-23ರ ಬಜೆಟ್‌ನಲ್ಲಿ ಪ್ರೊಫೆಸರ್ ಅನ್ಬಳಗನ್ ಹೆಸರಿನ ಯೋಜನೆಗೆ ಐದು ವರ್ಷಕ್ಕೆ 7,000 ಕೋಟಿ ರೂಪಾಯಿ ಘೋಷಣೆಯಾಯಿತು.

ನೋಡಿ, ಜಗಲಿಯ ಶಾಲೆಗೆ ಏನಿತ್ತೋ ಏನಿರಲಿಲ್ಲವೋ, ಮಗುವಿನ ತಲೆಯ ಮೇಲೆ ಬೀಳುವ ತಾರಸಿಯಂತೂ ಇರಲಿಲ್ಲ. ಮಕ್ಕಳನ್ನು ಒಳಗೆ ಕರೆದು ಕೂರಿಸಿದವರು ನಾವು. ಆ ಸೂರಿನ ಹೊಣೆಯೂ ನಮ್ಮದೇ. ಪ್ರತಿ ಸಲವೂ ಮಕ್ಕಳು ಸತ್ತ ಮೇಲೇ ಕಾನೂನು ಎಚ್ಚರವಾದರೆ ಹೇಗೆ?

ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಇಲ್ಲಿಯೂ ಸರ್ಕಾರಿ ಶಾಲೆಗಳಲ್ಲಿ ಪೋಷಕರ ನಿರ್ವಹಣಾ ಸಮಿತಿಗಳಿವೆ. ಇನ್ನೊಮ್ಮೆ ಶಾಲೆಗೆ ಹೋದಾಗ ಬರೀ ಮಾರ್ಕ್ಸ್ ಕಾರ್ಡ್ ನೋಡಿ ಬರಬೇಡಿ. ಒಂದು ಸಲ ತಲೆಯೆತ್ತಿ ಚಾವಣಿ ನೋಡಿ. ಮೆಟ್ಟಿಲು ಎಷ್ಟು ಅಗಲವಿದೆ ನೋಡಿ. ಅಡುಗೆಮನೆ ತರಗತಿಯಿಂದ ಎಷ್ಟು ದೂರವಿದೆ ಕೇಳಿ. ಬಿರುಕು ಕಂಡರೆ ಬಾಯಿಮಾತಲ್ಲಿ ಬಿಡದೆ ಬರೆದು ಕೊಡಿ.

ನಿಮ್ಮ ಮೊದಲ ಶಾಲೆಯ ಸೂರು ಯಾವುದಾಗಿತ್ತು? ಹೆಂಚೇ, ಗರಿಯೇ, ಮರದ ನೆರಳೇ? ನಮಗೆ ಬರೆದು ತಿಳಿಸಿ. ಮತ್ತೆ ಸಿಗೋಣ, ಅಲ್ಲಿಯವರೆಗೆ ಕೇಳುತ್ತಿರಿ.