ಗೇಟಿಲ್ಲದ ಡ್ಯಾಮು, ಹೊತ್ತೊಯ್ದ ಊರು

ಅಮೆರಿಕದ ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ ನಾನಿದ್ದ ಬೀದಿಯ ಜನ ಒಬ್ಬರನ್ನೊಬ್ಬರು ಕೇಳಿಕೊಳ್ತಿದ್ದ ಪ್ರಶ್ನೆಗಳು ನಮ್ಮೂರ ಅರಳಿಕಟ್ಟೆಯ ಪ್ರಶ್ನೆಗಳಂಥವೇ. ಬೆಕ್ಕು ಎರಡು ದಿನದಿಂದ ಕಾಣ್ತಿಲ್ಲ, ಯಾರಾದ್ರೂ ನೋಡಿದ್ರಾ? ಮಾಡು ಸೋರ್ತಿದೆ, ಒಳ್ಳೆ ಕೆಲಸದವರು ಯಾರಿದ್ದಾರೆ? ಮಳೆ ಜೋರಾದಾಗ ಇನ್ನೊಂದು: ಡ್ಯಾಮಿನ ಹಿಂದಿನ ಪಾರ್ಕಿನ ರಸ್ತೆ ಮುಚ್ಚಿದ್ದಾರಾ?

ಆ ಡ್ಯಾಮ್ ನೋಡಲು ಮೊದಲ ಸಲ ಹೋದಾಗ ಪೆಚ್ಚಾಗಿದ್ದೆ. ಲಿಂಗನಮಕ್ಕಿ ನೋಡಿ ಬೆಳೆದವನಿಗೆ ಡ್ಯಾಮ್ ಅಂದ್ರೆ ಕಣ್ಣು ಹಾಯುವಷ್ಟು ದೂರ ನೀರು. ಇಲ್ಲಿ ಉದ್ದನೆಯ ಮಣ್ಣಿನ ಏರಿ, ಹಿಂದೆ ಬರೀ ಹುಲ್ಲು, ನಾಯಿ ಹಿಡಿದು ಓಡಾಡುವ ಜನ. ಇಂಥವು ಡೇಟನ್ ಸುತ್ತ ಐದಿವೆ.

ಕಾರಣ 1913ರ ಮಾರ್ಚ್. ಈಸ್ಟರ್ ಮುಗಿದ ವಾರ ಗ್ರೇಟ್ ಮಯಾಮಿ ನದಿ ದಂಡೆ ಒಡೆದು ಊರೊಳಗೆ ನುಗ್ಗಿತು. ಪೇಟೆಯ ಕೆಲವು ಕಡೆ 20 ಅಡಿ ನೀರು. ಗ್ಯಾಸ್ ಕೊಳವೆ ಒಡೆದು ನೀರಿನ ನಡುವೆಯೇ ಬೆಂಕಿ. ಜನ ಅಟ್ಟ ಹತ್ತಿ ಕೂತರು. ಇಡೀ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ರೈಟ್ ಸಹೋದರರ ಮನೆಗೂ ನೀರು ನುಗ್ಗಿ, ವಿಮಾನದ ಫೋಟೋಗಳ ಕೆಲವು ಗಾಜಿನ ನೆಗೆಟಿವ್‌ಗಳು ಹಾಳಾದವು. ಕ್ಯಾಶ್ ರಿಜಿಸ್ಟರ್ ಕಂಪನಿಯ ಜಾನ್ ಪ್ಯಾಟರ್ಸನ್ ಕಾರ್ಖಾನೆಯಲ್ಲಿ ಸುಮಾರು 300 ದೋಣಿ ಮಾಡಿಸಿ ಜನರನ್ನು ಕಾಪಾಡಿದ. ಏಕಸ್ವಾಮ್ಯದ ಕೇಸಿನಲ್ಲಿ ಆತನಿಗೆ ಹಿಂದಿನ ತಿಂಗಳಷ್ಟೇ ಒಂದು ವರ್ಷ ಜೈಲು ಶಿಕ್ಷೆಯಾಗಿತ್ತು! ಅಪೀಲಿನಲ್ಲಿ ಆಮೇಲೆ ಅದು ಬಿದ್ದುಹೋಯಿತು.

ಅಟ್ಟದ ಮೇಲೆ ಮಾಡಿದ ಆಣೆ ಮರೀಬೇಡಿ ಅಂತ ಹೇಳಿಕೊಂಡೇ ಊರಿನವರು ಕೆಲವೇ ದಿನಗಳಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಎತ್ತಿದರು. ಕೆಲಸ ವಹಿಸಿಕೊಂಡ ಆರ್ಥರ್ ಮಾರ್ಗನ್‌ಗೆ ಕಾಲೇಜು ಡಿಗ್ರಿಯೇ ಇರಲಿಲ್ಲ (ನನ್ನ ಬಿಇ ಸರ್ಟಿಫಿಕೇಟು ಈಗಲೂ ಟ್ರಂಕಿನಲ್ಲಿದೆ, ಇರಲಿ). ಆತನ ಡ್ಯಾಮಿಗೆ ಗೇಟಿಲ್ಲ, ತೆಗೆದು ಹಾಕುವವರೂ ಇಲ್ಲ. ತಳದಲ್ಲಿ ಕಾಂಕ್ರೀಟಿನ ತೂಬು ಸದಾ ತೆರೆದಿರುತ್ತದೆ. ಕೆಳಗಿನ ಹೊಳೆ ತಾಳುವಷ್ಟು ನೀರು ಮಾತ್ರ ಅದರಲ್ಲಿ ದಾಟುತ್ತದೆ, ಮಿಕ್ಕದ್ದು ಹಿಂದೆ ನಿಂತು, ನಿಧಾನವಾಗಿ ಇಳಿಯುತ್ತದೆ. 1913ರ ನೆರೆಗಿಂತ ಶೇ. 40ರಷ್ಟು ಹೆಚ್ಚು ಬಂದರೂ ತಡೆಯುವ ಲೆಕ್ಕ. 1922ರಲ್ಲಿ ಕೆಲಸ ಮುಗಿಯಿತು. ರಾತ್ರಿ ಎರಡಕ್ಕೆ ಸರ್ವರ್ ಬಿತ್ತು ಅಂತ ಫೋನ್ ಬಂದು ಏಳುವ ನನ್ನಂಥವನಿಗೆ ಈ ವಿನ್ಯಾಸ ನೋಡಿದರೆ ಹೊಟ್ಟೆಯುರಿ.

ಆದರೆ ನೀರು ಎಲ್ಲಾದರೂ ನಿಲ್ಲಲೇಬೇಕಲ್ಲ. ನಗರ ಉಳಿಸೋಕೆ ನಮ್ಮ ಹೊಲ ಯಾಕೆ ಅಂತ ಮೇಲಿನ ರೈತರು ತಿರುಗಿಬಿದ್ದರು, ಕೋರ್ಟಿಗೂ ಹೋದರು. ನೀರು ನಿಲ್ಲಬಹುದು ಅನ್ನೋ ಷರತ್ತಿನ ಮೇಲೆ ಎಷ್ಟೋ ಹೊಲಗಳು ಮತ್ತೆ ಉಳುವವರಿಗೇ ಮಾರಾಟವಾದವು. ಹಫ್‌ಮನ್ ಡ್ಯಾಮಿನ ಹಿಂದಿದ್ದ ಆಸ್‌ಬೋರ್ನ್ ಅನ್ನೋ ಊರು ಮಾತ್ರ ಏಳಬೇಕಾಯಿತು. ಜನ ಪರಿಹಾರ ತಗೊಂಡು ಚದುರಿ ಹೋಗಲಿಲ್ಲ. ತಮ್ಮ ಮನೆಗಳನ್ನೇ ವಾಪಸ್ ಕೊಂಡು, ತಳಪಾಯದಿಂದ ಎತ್ತಿಸಿ, 1920ರ ದಶಕದ ಶುರುವಿನಲ್ಲಿ ಸುಮಾರು 400 ಮನೆಗಳನ್ನು ಎರಡು-ಮೂರು ಮೈಲಿ ಆಚೆ ಸಾಗಿಸಿದರು. ಹೊಸ ಜಾಗ ಫೇರ್‌ಫೀಲ್ಡ್ ಅನ್ನೋ ಊರಿಗೆ ಅಂಟಿಕೊಂಡಿತ್ತು. 1950ರಲ್ಲಿ ಎರಡೂ ಸೇರಿ ಫೇರ್‌ಬಾರ್ನ್ ಆಯಿತು. ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಒಂದು ಭಾನುವಾರ ಅಲ್ಲಿ ಸುಮ್ಮನೆ ನಡೆದಾಡಿ ಬಂದೆ.

ನನ್ನಜ್ಜಿ ಶರಾವತಿ ಮುಳುಗಡೆಯವಳು. 1964ರಲ್ಲಿ ಲಿಂಗನಮಕ್ಕಿ ತುಂಬುವ ಹೊತ್ತಿಗೆ ಅವರ ಮನೆಯಿಂದ ಬಂದದ್ದು ತಲೆಬಾಗಿಲು, ನಾಲ್ಕು ಕಂಬ, ಒರಳು. ಅಕ್ಕಪಕ್ಕದ ಮನೆಯವರು ಎಲ್ಲೆಲ್ಲಿಗೋ ಹೋದರು. ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಅಪ್ಪ ಇವತ್ತಿಗೂ ಕಚೇರಿಗೆ ಅಲೆಯುತ್ತಿದ್ದಾನೆ.

ಮಾರ್ಗನ್ ನಮ್ಮ ದೇಶಕ್ಕೂ ಬಂದಿದ್ದ. 1948-49ರಲ್ಲಿ ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಆಯೋಗದ ಸದಸ್ಯನಾಗಿ ಹಳ್ಳಿಗಳಿಗೆ ಬೇರೆಯದೇ ವಿಶ್ವವಿದ್ಯಾಲಯ ಬೇಕು ಅಂತ ವಾದಿಸಿದ್ದ. ಮುಳುಗಡೆಯವರ ಬಗ್ಗೆಯೂ ಯಾರಾದರೂ ಅವನನ್ನು ಕೇಳಬಹುದಿತ್ತು.

ಆ ಭಾನುವಾರ ರಾತ್ರಿ ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಂಬಲಿಲ್ಲ.

"ಮನೇನೇ ಹೊತ್ಕಂಡು ಹೋದ್ರನಾ?"

"ಹೌದಜ್ಜಿ, ಇಡೀ ಮನೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಪಕ್ಕದ ಮನೆಯವ್ರೂ ಪಕ್ಕದಲ್ಲೇ ಬಂದ್ರಾ?"