ಆನೆಸೀಲ್ ಮತ್ತು ರೇಷ್ಮೆ ಪತಂಗ: ಒಂದು ತುಲನೆ

ಗಾತ್ರದಲ್ಲಾಗಲಿ, ನೆಲೆಯಲ್ಲಾಗಲಿ ಹೋಲಿಕೆಯಿಲ್ಲದ ಎರಡು ಜೀವಿಗಳನ್ನು ಇಲ್ಲಿ ಒಟ್ಟಿಗೆ ಪರಿಶೀಲಿಸುತ್ತಿದ್ದೇವೆ. ಮೊದಲೇ ತಿಂದು ಕೂಡಿಟ್ಟ ಶಕ್ತಿಯ ಬಲದಿಂದ ಉಪವಾಸವಿದ್ದು ಸಂತಾನವನ್ನು ಪಡೆಯುವುದು ಇವೆರಡರ ಸಮಾನ ಗುಣ. ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಠೇವಣಿಯ ಲೆಕ್ಕದಂತೆಯೇ ತೋರುತ್ತದೆ.

ಉತ್ತರದ ಆನೆಸೀಲ್ ಪೆಸಿಫಿಕ್ ಸಾಗರದ ಸಸ್ತನಿ. ಶಾಸ್ತ್ರೀಯ ನಾಮ ಮಿರೌಂಗಾ ಆಂಗಸ್ಟಿರಾಸ್ಟ್ರಿಸ್. ಗಂಡಿನ ಮೂಗು ಮೋಟು ಸೊಂಡಿಲಿನಂತಿರುವುದರಿಂದ ಈ ಹೆಸರು ಬಂದಿದೆ. ಬೆಳೆದ ಗಂಡು 2,000 ಕಿಲೋ ತೂಗಬಲ್ಲದು. ವರ್ಷದ ಬಹುಭಾಗ ಆಳ ಕಡಲಿನಲ್ಲಿ ಮೀನು, ಸ್ಕ್ವಿಡ್‌ಗಳನ್ನು ತಿಂದು ಚರ್ಮದಡಿ ಕೊಬ್ಬನ್ನು ಶೇಖರಿಸುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ದಡಗಳನ್ನು ಸೇರುತ್ತದೆ. ಅಲ್ಲಿ ತಾಯಿ ಸುಮಾರು 4 ವಾರ ಏನನ್ನೂ ತಿನ್ನದೆ ಮರಿಗೆ ಹಾಲೂಡಿಸುತ್ತದೆ. ಗಂಡಿನ ಉಪವಾಸ 3 ತಿಂಗಳವರೆಗೂ ಸಾಗುತ್ತದೆ.

ರೇಷ್ಮೆ ಪತಂಗ, ಅಂದರೆ ಬಾಂಬಿಕ್ಸ್ ಮೋರಿ, ಸಹಸ್ರಾರು ವರ್ಷಗಳ ಹಿಂದೆ ಚೀನಾದಲ್ಲಿ ಪಳಗಿಸಲ್ಪಟ್ಟ ಕೀಟ. ಇದರ ಹುಳು ಸುಮಾರು 4 ವಾರ ಹಿಪ್ಪುನೇರಳೆ ಸೊಪ್ಪು ಮೇಯುತ್ತದೆ. ನಮ್ಮ ರೈತರು ಹೇಳುವಂತೆ ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಕಳಚುತ್ತದೆ. (ಆನೆಸೀಲ್ ಕೂಡ ವರ್ಷಕ್ಕೊಮ್ಮೆ ದಡದಲ್ಲಿ ಉಪವಾಸವಿದ್ದು ಮೇಲ್ಚರ್ಮವನ್ನು ಕೂದಲ ಸಮೇತ ಕಳಚುತ್ತದೆ.) ಬಳಿಕ ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ಪತಂಗವಾಗಿ ಹೊರಬಂದ ಮೇಲೆ ಆಹಾರವೇ ಇಲ್ಲ. ಹೆಣ್ಣು 400ರಷ್ಟು ಮೊಟ್ಟೆಗಳನ್ನಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ.

ಒಂದರ ಕೊಬ್ಬು, ಇನ್ನೊಂದರ ನೂಲು ಎರಡೂ ಮನುಷ್ಯನ ಕಣ್ಣಿಗೆ ಬಿದ್ದವು. ಎಣ್ಣೆಗಾಗಿ ನಡೆದ ಬೇಟೆಯಿಂದ 19ನೆಯ ಶತಮಾನದ ಕೊನೆಗೆ ನೂರಕ್ಕೂ ಕಡಿಮೆ ಆನೆಸೀಲ್‌ಗಳು ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಉಳಿದಿದ್ದವೆಂದು ಅಂದಾಜು. 1922ರಲ್ಲಿ ಮೆಕ್ಸಿಕೊ ಸರ್ಕಾರ ರಕ್ಷಣೆ ನೀಡಿತು. ಇಂದು ಅವುಗಳ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿದೆ. ಆದರೆ ಎಲ್ಲವೂ ಆ ಕೆಲವೇ ಜೀವಿಗಳ ಸಂತತಿಯಾದುದರಿಂದ ಆನುವಂಶಿಕ ವೈವಿಧ್ಯ ತೀರಾ ಕಡಿಮೆ. ಹೊಸ ರೋಗ ತಗುಲಿದರೆ ಅಪಾಯ ಹೆಚ್ಚು.

ರೇಷ್ಮೆಯ ಕಥೆ ಬೇರೆ. ಪತಂಗ ಹೊರಬಂದರೆ ಎಳೆ ತುಂಡಾಗುವುದರಿಂದ ಗೂಡಿನೊಳಗಿನ ಜೀವವನ್ನು ಮೊದಲೇ ಬಿಸಿಯಿಂದ ಕೊಲ್ಲುತ್ತಾರೆ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡುಗಳ ಗತಿ ಇದೇ. ಬಿತ್ತನೆ ಗೂಡುಗಳಿಂದ ಮಾತ್ರ ಪತಂಗಗಳು ಹೊರಬರುತ್ತವೆ. ಅವಕ್ಕೂ ರೆಕ್ಕೆಯಿದ್ದರೂ ಹಾರಲಾರವು.

ಆನೆಸೀಲ್ ಉಳಿದದ್ದು ಮನುಷ್ಯ ಅದನ್ನು ಅದರ ಪಾಡಿಗೆ ಬಿಟ್ಟಿದ್ದರಿಂದ. ರೇಷ್ಮೆ ಪತಂಗವನ್ನು ಹಾಗೆ ಬಿಟ್ಟರೆ ಅದು ಬದುಕದು. ರೈತನ ಹಿಪ್ಪುನೇರಳೆ ತೋಟ ಇರುವವರೆಗೆ ಮಾತ್ರ ಅದರ ವಂಶ. ನಮ್ಮ ಮನೆಗಳ ಬೀರುವಿನಲ್ಲಿರುವ ಮೈಸೂರು ರೇಷ್ಮೆ ಸೀರೆಯ ಹಿಂದೆ ಈ ಎರಡು ಜೀವನಗಳೂ ಇವೆಯೆಂಬುದನ್ನು ನಾವು ನೆನಪಿಡಬೇಕು.