ಹಳೇ ವೈಸ್ ಗುಜರಿಗೆ ಹಾಕೋ ಮುಂಚೆ ಇಷ್ಟು ನೋಡಿ

ಹಾವೇರಿ: ರಾಣೆಬೆನ್ನೂರು, ಬ್ಯಾಡಗಿ ಕಡೆ ಕಮ್ಮಾರಸಾಲೆ, ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳ ಮೂಲೆಯಲ್ಲಿ ಅಜ್ಜನ ಕಾಲದ ವೈಸ್ ಬಿದ್ದಿದ್ದರೆ ಗುಜರಿಯವರು ತೂಕದ ಲೆಕ್ಕದಲ್ಲೇ ಕೇಳ್ತಾರೆ. ಕೊಡುವ ಮುಂಚೆ ಅದು ಎಂಥದು ಅಂತ ತಿಳಕೊಳ್ಳಿ.

ಕಾಲು ಇದೆಯಾ?: ನೆಲ ಮುಟ್ಟುವ ಉದ್ದ ಕಾಲಿದ್ದರೆ ಅದು ಕಮ್ಮಾರರ ಲೆಗ್ ವೈಸ್. ಸುತ್ತಿಗೆ ಏಟು ಕಾಲಿನ ಮೂಲಕ ನೆಲಕ್ಕೆ ಹೋಗ್ತದೆ. ಹಂಗಾಗಿ ಕಾಯಿಸಿದ ಕಬ್ಬಿಣ ಹಿಡಿದು ಬಡಿಯೋಕೆ ಇದೇ ಸರಿ. ಟೇಬಲ್ಲಿಗೆ ಬೋಲ್ಟ್ ಹಾಕುವ ಬೆಂಚ್ ವೈಸ್ ಹೆಚ್ಚಾಗಿ ಬೀಡಿನದು. ಜೋರಾಗಿ ಬಡಿದರೆ ಸೀಳುತ್ತದೆ.

ಅಕ್ಷರ ಓದಿ: ಪಕ್ಕದ ಮೈಗೆ ಚಾಕ್‌ಪೀಸ್ ತಿಕ್ಕಿದರೆ ಉಬ್ಬು ಅಕ್ಷರ ಕಾಣ್ತವೆ. ‘ರೆಕಾರ್ಡ್’ ಅಂತಿದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1898ರಲ್ಲಿ ಶುರುವಾದ ಹ್ಯಾಂಪ್ಟನ್ ಕಂಪನಿಯ ಬ್ರಾಂಡು. ಅದರ ಮೇಲಿನ ನಂಬರು ಇಂಚಲ್ಲ. 3ನೇ ನಂಬರಿನ ದವಡೆ 4 ಇಂಚು ಅಗಲ.

ಬಿರುಕು ನೋಡಿ: ಸೀಮೆಎಣ್ಣೆ ಹಚ್ಚಿ, ಒರೆಸಿ, ಚಾಕ್ ಪುಡಿ ಉದುರಿಸಿ. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಮೂಡ್ತದೆ. ತಿರುಪು ಸಡಿಲ ಇದ್ದರೆ ಒಳಗಿನ ನಟ್ಟಿನ ಹಲ್ಲು ಸವೆದಿದೆಯಾ ನೋಡಿ. ನಟ್ಟು ಹೊಸದು ಮಾಡಿಸಬಹುದು. ಮೈಯೇ ಸೀಳಿದ್ದರೆ ದುರಸ್ತಿ ಕಷ್ಟ.

ತುಕ್ಕು: ಸೀಮೆಎಣ್ಣೆಯಲ್ಲಿ ನೆನೆಸಿ, ವೈರ್ ಬ್ರಷ್ ಹಾಕಿ. ಗ್ರೈಂಡರ್ ಬೇಡ. ಅಕ್ಷರ ಹೋದರೆ ಗುರುತೂ ಹೋಯ್ತು, ಬೆಲೆಯೂ ಹೋಯ್ತು.